ವರದೆ-ತುಂಗಭದ್ರೆಯರ ದಂಡೆಯಲ್ಲಿ ಸೈಕಲ್ ಯಾತ್ರೆ

ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂದು ಶಾಲೆಯಲ್ಲಿ ಕಲಿತವರು ನಾವು. ಆ ಇಸವಿಗಳನ್ನು ಪರೀಕ್ಷೆ ಮುಗಿದ ಮರುದಿನವೇ ಮರೆತವರೂ ನಾವೇ. ಇದರಲ್ಲಿ ಕಲಿಯುವವರ ದೋಷ ಕಡಿಮೆ. ಕಣ್ಣಿಗೆ ಕಾಣದ ಊರಿನ, ಕಾಲಿಗೆ ತಾಕದ ನೆಲದ ಕಥೆಯನ್ನು ಯಾರು ತಾನೇ ಬಹುಕಾಲ ನೆನಪಿಟ್ಟಾರು? ಆದರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಲ್ಲಿ ಮನೆ ಮಾಡಿಕೊಂಡಿರುವ ನಮಗೆ ಈ ನೆವ ಸಲ್ಲದು. ನಮ್ಮ ಇತಿಹಾಸವು ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದಷ್ಟು ಹತ್ತಿರದಲ್ಲಿದೆ. ಅಲ್ಲಿಗೆ ಹೋಗಲು ಮೋಟಾರು ಬೇಕಿಲ್ಲ. ಒಂದು ಸೈಕಲ್ ಸಾಕು.

ಸೈಕಲ್ಲೇ ಏಕೆ ಎಂದು ನೀವು ಕೇಳಬಹುದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯಿಂದ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋಗುವವನಿಗೆ ದಾರಿಯುದ್ದಕ್ಕೂ ಕಾಣುವುದು ಪೆಟ್ರೋಲ್ ಬಂಕುಗಳು, ಗೋದಾಮುಗಳು. ನಮ್ಮ ಹಳೆಯ ಊರುಗಳು ಹೆದ್ದಾರಿಯ ಮೇಲಿಲ್ಲ. ಅವು ಹೊಳೆಯ ಮೇಲಿವೆ. ಅವು ಹುಟ್ಟಿದ ಕಾಲದಲ್ಲಿ ಮನುಷ್ಯನ ನಡಿಗೆ ಮತ್ತು ಎತ್ತಿನ ಬಂಡಿ ಇವೆರಡೇ ಅಳತೆಗೋಲು. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಸಾಗುವ ಸೈಕಲ್ ಆ ಅಳತೆಗೆ ಹತ್ತಿರವಾದದ್ದು. ಬೇಲಿಯ ಪಕ್ಕದಲ್ಲಿ ಓರೆಯಾಗಿ ನಿಂತ ವೀರಗಲ್ಲು ಬಸ್ಸಿನವನಿಗೆ ಕಾಣದು. ಕಂಡರೂ ಬಸ್ಸು ನಿಲ್ಲದು. ಸೈಕಲ್ಲಿನವನು ಕಾಲೂರಿದರೆ ಸಾಕು, ನಿಂತಂತೆಯೇ.

ಈ ಬಗೆಯ ಪ್ರವಾಸವನ್ನು ಒಂದು ಸಂಸ್ಕೃತಿಯಾಗಿ ಬೆಳೆಸಿದವರು ಫ್ರಾನ್ಸ್ ದೇಶದವರು. ತುಳಿಯುವ ಪೆಡಲ್ ಇರುವ ಎರಡು ಗಾಲಿಯ ಬಂಡಿ ೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಮಾರಾಟಕ್ಕೆ ಬಂದಿತು. ಸೇಂತ್ ಎತಿಯೆನ್ ಎಂಬ ಊರಿನ ಪಾಲ್ ದ ವಿವೀ ಎಂಬಾತನು ೧೮೮೭ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿ, ಪಂದ್ಯದ ಗೆಲುವಿಗಾಗಿ ಅಲ್ಲ, ನಾಡನ್ನು ನೋಡುವುದಕ್ಕಾಗಿ ತುಳಿಯಿರಿ ಎಂದು ಜೀವಮಾನವಿಡೀ ಪ್ರಚಾರ ಮಾಡಿದನು. ೧೯೮೨ರಲ್ಲಿ ಅಲ್ಲಿಯ ಸಣ್ಣ ಹಳ್ಳಿಗಳ ಮುಖಂಡರು ಕೂಡಿ ಚೆಲುವಾದ ಹಳ್ಳಿಗಳ ಸಂಘವೊಂದನ್ನು ಕಟ್ಟಿದರು. ಜನ ಪಟ್ಟಣ ಸೇರಿ ಬರಿದಾಗುತ್ತಿದ್ದ ಊರುಗಳ ಹಳೆಯ ಕಲ್ಲಿನ ಮನೆಗಳನ್ನೂ ಇಗರ್ಜಿಗಳನ್ನೂ ಉಳಿಸಿಕೊಳ್ಳುವುದು ಅದರ ಉದ್ದೇಶ. ಬರ್ಗಂಡಿ ಪ್ರಾಂತದ ವೆಜ್ಲೆ ಎಂಬ ಗುಡ್ಡದ ಹಳ್ಳಿ ಆ ಸಂಘದಲ್ಲೊಂದು. ಅಲ್ಲಿಯ ಹನ್ನೆರಡನೆಯ ಶತಮಾನದ ದೊಡ್ಡ ಇಗರ್ಜಿಯನ್ನು ನೋಡಲು ಜಗತ್ತಿನ ಜನ ಬರುತ್ತಾರೆ. ಈಗ ಒಂದು ಸಂಗತಿಯನ್ನು ಗಮನಿಸಿರಿ. ವೆಜ್ಲೆಯ ಶಿಲ್ಪಿಗಳು ಉಳಿ ಹಿಡಿದಿದ್ದ ಶತಮಾನವೇ ನಮ್ಮ ತುಂಗಭದ್ರೆಯ ದಂಡೆಯ ಶಿಲ್ಪಿಗಳ ಶತಮಾನ. ಅವರ ಹಳ್ಳಿಗಳನ್ನು ಅವರು ತುಳಿದು ನೋಡುತ್ತಾರೆ. ನಮ್ಮವನ್ನು ನಾವು?

ಹೊರಡುವುದಕ್ಕೆ ತಕ್ಕ ಕಾಲ ಕಾರ್ತಿಕದಿಂದ ಮಾಘದವರೆಗೆ. ಮಳೆಗಾಲದಲ್ಲಿ ಎರೆ ಹೊಲದ ದಾರಿ ಹಿಡಿದವನ ಸೈಕಲ್ಲನ್ನು ಅವನೇ ಹೊರಬೇಕಾದೀತು. ಆ ಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿದರೆ ಕಡ್ಡಿಯಿಂದ ಕೆತ್ತಿದರೂ ಬಾರದು. ಗಾಳಿ ಹಾಕುವ ಪಂಪು, ನೀರು, ಎರಡು ರೊಟ್ಟಿ, ಒಂದು ನೋಟುಬುಕ್ಕು, ಪೆನ್ಸಿಲ್ಲು ಇಷ್ಟಿದ್ದರೆ ಸಾಮಗ್ರಿ ಪೂರ್ಣವಾಯಿತು.

ಮೊದಲ ಪಾಠವನ್ನು ಹಾವೇರಿಯ ಊರೊಳಗೇ ಕಲಿಯಬಹುದು. ಪೂರ್ವದ ಅಂಚಿನಲ್ಲಿರುವ ಸಿದ್ಧೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಕಾಲದ ಗುಡಿಗಳು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಮುಖ ಮಾಡಿದರೆ, ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಕಟ್ಟಿದ್ದು ಬಳಪದ ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ನಂತರದ ಶಿಲ್ಪಿಗಳು ಈ ಕಲ್ಲಿಗೆ ಒಲಿದರು. ಗಣಿಯಿಂದ ತೆಗೆದಾಗ ಇದು ಮೆದು. ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಂಬಗಳನ್ನು ಚರಕಿಗೆ ಹಚ್ಚಿ ತಿರುಗಿಸಿ, ಬಳೆಯಂತೆ, ಗಂಟೆಯಂತೆ ನುಣುಪಾಗಿ ಕಡೆಯಲು ಸಾಧ್ಯವಾಯಿತು. ಇಂಥ ಗುಡಿಗಳನ್ನೆಲ್ಲ ಜಕಣಾಚಾರಿ ಕಟ್ಟಿದ ಎಂದು ನಮ್ಮ ಜನ ಹೇಳುವುದುಂಟು. ಒಬ್ಬ ಮನುಷ್ಯನಿಂದ ಆಗುವ ಕೆಲಸವಲ್ಲ ಇದು; ಹಲವು ತಲೆಮಾರುಗಳ ಕೈಗಳಿಗೆ ಜನ ಕೊಟ್ಟ ಒಂದೇ ಹೆಸರು ಅದು ಎಂದು ತಿಳಿದರೆ ತಪ್ಪಾಗದು.

ಹಾವೇರಿಯಿಂದ ಈಶಾನ್ಯಕ್ಕೆ ತಿರುಗಿದರೆ ವರದಾ ನದಿಯ ಕಡೆಯ ಹೊಸರಿತ್ತಿ ಸಿಗುತ್ತದೆ. ಪ್ರಾಚೀನವನ್ನು ಹುಡುಕಿಕೊಂಡು ಹೊರಟವರು ಇಲ್ಲಿ ನಮ್ಮ ಅಜ್ಜಂದಿರ ಕಾಲದ ಇತಿಹಾಸದ ಮುಂದೆ ತಲೆಬಾಗಬೇಕು. ೧೯೩೦ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ೧೯೪೩ರ ಏಪ್ರಿಲ್ ೧ರಂದು ಸರಕಾರದ ಕಂದಾಯದ ಹಣದ ಮೇಲೆ ದಾಳಿ ನಡೆಸಿದಾಗ ಗುಂಡಿಗೆ ಬಲಿಯಾದದ್ದು ಈ ಊರಿನಲ್ಲಿ. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಮಡಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ತುಂಬಿರಲಿಲ್ಲ. ದಾರಿಯ ವೀರಗಲ್ಲುಗಳನ್ನು ನೋಡುವ ಮೊದಲು ಈ ಮೂವರನ್ನು ನೆನೆದರೆ, ವೀರಗಲ್ಲೆಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಲ್ಲಿಂದ ಮುಂದೆ ವರದೆಯು ತುಂಗಭದ್ರೆಯನ್ನು ಸೇರುವ ಗಳಗನಾಥ. ಸಂಗಮದ ದಂಡೆಯ ಮೇಲೆ ನಿಂತಿರುವ ಗಳಗೇಶ್ವರ ದೇವಾಲಯವು ಸುಮಾರು ೧೦೮೦ರದು ಎಂದು ವಿದ್ವಾಂಸರ ಮತ. ಎಂದರೆ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿದ ಹೊಸತು. ಈ ಗುಡಿಯ ಹಿಂಬದಿಗೆ ಹೋಗಿ ನೋಡುವುದನ್ನು ಮರೆಯಬೇಡಿರಿ. ಗರ್ಭಗುಡಿಯ ಬುಡಕ್ಕೆ ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕಲ್ಲಿನ ಒತ್ತು ಇದೆ. ಪಿರಮಿಡ್ಡಿನ ಬುಡದಂತೆ ಕಾಣುತ್ತದೆ. ಇಂಥದ್ದು ಚಾಲುಕ್ಯರ ಬೇರೆ ಗುಡಿಗಳಲ್ಲಿ ಅಪರೂಪ. ಎರಡು ಹೊಳೆಗಳ ನೆರೆಯನ್ನು ಬಲ್ಲವರು ಕಟ್ಟಿದ ಗುಡಿ ಎಂದು ಅಲ್ಲಿ ನಿಂತಾಗ ಅನ್ನಿಸದಿರದು. ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಹೆಸರಿಗೆ ಬದಲಾಗಿ ಈ ಊರಿನ ಹೆಸರನ್ನೇ ಇಟ್ಟುಕೊಂಡು, ಗಳಗನಾಥರೆಂದು ಕನ್ನಡಿಗರ ಮನೆಮನೆಗೆ ತಲುಪಿದರು. ೧೮೬೯ರಿಂದ ೧೯೪೨ರವರೆಗೆ ಬಾಳಿದ ಅವರು ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರು ಕಾಲ್ನಡಿಗೆಯಲ್ಲಿ ಸವೆಸಿದ ದಾರಿಗಳನ್ನು ನಾವು ಗಾಲಿಯ ಮೇಲೆ ಸವೆಸುವುದು ದೊಡ್ಡ ಮಾತಲ್ಲ.

ಇನ್ನು ದಕ್ಷಿಣಕ್ಕೆ, ಹೊಳೆಗೆ ಎದುರಾಗಿ ತುಳಿಯಬೇಕು. ಹರಳಹಳ್ಳಿಯಲ್ಲಿ ಮೂರು ಗರ್ಭಗುಡಿಗಳು ಒಂದೇ ಮಂಟಪಕ್ಕೆ ಬಾಗಿಲು ತೆರೆದಿರುವ ಸೋಮೇಶ್ವರ ದೇವಾಲಯವಿದೆ. ಹೊಳೆಯಿಂದ ತುಸು ಒಳಗೆ ಗುತ್ತಲ. ಈಗ ಸಂತೆಯ ಊರಾಗಿರುವ ಇದು ಒಂದು ಕಾಲಕ್ಕೆ ಗುತ್ತರೆಂಬ ಮಾಂಡಲಿಕರ ರಾಜಧಾನಿ. ಪಾಟಲಿಪುತ್ರ, ಉಜ್ಜಯಿನಿಗಳ ಗುಪ್ತರ ವಂಶದವರು ತಾವೆಂದು ಅವರು ಶಾಸನಗಳಲ್ಲಿ ಹೇಳಿಕೊಂಡರು. ಅದು ನಿಜವೋ ಬಿರುದಿನ ಆಸೆಯೋ, ಚಂದ್ರಗುಪ್ತನ ಕೀರ್ತಿಯು ಏಳು ಶತಮಾನಗಳ ಮೇಲೆ ತುಂಗಭದ್ರೆಯವರೆಗೆ ಹರಿದು ಬಂದಿತ್ತೆಂಬುದಂತೂ ನಿಜ.

ಈ ಗುತ್ತರ ನೆನಪು ಅತ್ಯಂತ ಚೆಲುವಾಗಿ ಉಳಿದಿರುವುದು ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ. ಅಂಬಿಗರ ಚೌಡಯ್ಯನಿಗೆ ದಾನವಾಗಿ ಬಂದ ಊರು ಎಂದು ಹೆಸರಿಗೆ ಅರ್ಥ ಹೇಳುತ್ತಾರೆ. ಹೊಳೆಯ ದಡದ ಮುಕ್ತೇಶ್ವರ ದೇವಾಲಯ ದೊಡ್ಡದಲ್ಲ. ಆದರೆ ಅದರ ಶಿಖರದಲ್ಲಿ ಕೈ ಸೋಕದ ಗೇಣು ಕಲ್ಲಿಲ್ಲ. ಅಲ್ಲಿಯ ಎತ್ತರವಾದ ಶಿಲಾಫಲಕಗಳಲ್ಲಿ ಏಳು ದೀರ್ಘ ಶಾಸನಗಳಿವೆ. ಅವು ಲೆಕ್ಕದ ಕಾಗದಗಳಂತಲ್ಲ. ಕಂದ, ವೃತ್ತಗಳಿಂದ ಕೂಡಿದ ಕಾವ್ಯ. ಶಿವದೇವನೆಂಬ ಶರಣನು ೧೨೨೫ರ ಆಗಸ್ಟ್ ೧೯ರಂದು ಈ ಕ್ಷೇತ್ರವನ್ನು ಹೊಕ್ಕು ಇಲ್ಲಿಯೇ ತಪಸ್ಸಿನಲ್ಲಿ ನಿಂತನೆಂದು ತಿಥಿ ಸಹಿತ ತಿಳಿಸುತ್ತವೆ. ಎಂಟು ನೂರು ವರ್ಷಗಳ ಹಿಂದೆ ಒಬ್ಬ ವಿರಕ್ತನು ಊರಿಗೆ ಬಂದ ದಿನ ನಮಗೆ ಗೊತ್ತು. ನಮ್ಮ ಮುತ್ತಜ್ಜ ಹುಟ್ಟಿದ ದಿನ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ಗುಡಿಯ ಪೂರ್ಣ ಅಧ್ಯಯನವನ್ನು ಮಾಡಿದವರು ಹಾವೇರಿಯ ಮಗಳಾದ ಡಾ. ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಫ್ರಾನ್ಸಿನ ಸಂಸ್ಕೃತ ವಿದ್ವಾಂಸ ಪಿಯರ್ ಸಿಲ್ವೇನ್ ಫಿಲಿಯೋಜಾ. ಅವರ ಗ್ರಂಥ ೧೯೯೫ರಲ್ಲಿ ದಿಲ್ಲಿಯಿಂದ ಪ್ರಕಟವಾಯಿತು. ಅದಕ್ಕೂ ಮೊದಲು, ೧೮೬೬ರಲ್ಲಿಯೇ ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರು ಧಾರವಾಡ-ಮೈಸೂರು ಸೀಮೆಯ ಕಟ್ಟಡಗಳ ಛಾಯಾಚಿತ್ರಗಳ ಗ್ರಂಥವನ್ನು ಹೊರತಂದಿದ್ದರು. ಫ್ಲೀಟ್ ಸಾಹೇಬರು ಶಾಸನಗಳನ್ನು ಓದಿ ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದರು. ಕಸಿನ್ಸರು ೧೯೨೬ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಇಷ್ಟು ದೂರದ ಜನ ಇಲ್ಲಿಗೆ ಬಂದು ಹೋದರು. ಹದಿನೈದು ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿರುವ ನಾವೇ ಹಿಂದುಳಿಯಬಾರದು.

ರಾಣೇಬೆನ್ನೂರಿನಿಂದ ಹಿಂದಿರುಗುವಾಗ ದೇವರಗುಡ್ಡ, ಮೋಟೆಬೆನ್ನೂರುಗಳನ್ನು ದಾಟಿ ಬ್ಯಾಡಗಿಯ ಮೇಲೆ ಬರಬಹುದು. ಜನವರಿಯ ನಂತರವಾದರೆ ಮಾರುಕಟ್ಟೆಯ ಕೆಂಪು ಕಣ್ಣು ತುಂಬುತ್ತದೆ, ಘಾಟು ಮೂಗು ತುಂಬುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಈ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನಕದಾಸರ ಆದಿಕೇಶವನ ಊರು. ಉತ್ತರಕ್ಕೆ ಇನ್ನೊಂದು ದಿನ ಬಂಕಾಪುರಕ್ಕೆ ಮೀಸಲಾಗಿರಲಿ. ಬಂಕೇಯನ ಹೆಸರಿನ ಈ ಊರಿನಿಂದ ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಕ್ರಿ.ಶ. ೮೯೮ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ೨೦೦೬ರಿಂದ ಈ ಕೋಟೆಯ ನೆಲ ನವಿಲುಧಾಮವೂ ಹೌದು.

ಗುಡಿಗಳನ್ನಂತೂ ಇಲಾಖೆಯವರು ಕಾಯುತ್ತಾರೆ. ದಾರಿಯ ಕಲ್ಲುಗಳನ್ನು ಕಾಯುವವರು ಯಾರು? ಇದೇ ಈ ಲೇಖನದ ಮುಖ್ಯ ಮಾತು. ಕೆರೆಯ ಏರಿ, ಅಗಸಿ ಬಾಗಿಲು, ಹನುಮಪ್ಪನ ಗುಡಿಯ ಹಿಂಬದಿ, ಇಲ್ಲೆಲ್ಲ ವೀರಗಲ್ಲು, ಶಾಸನಗಳು ನಿಂತಿರುತ್ತವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ; ನಡುವೆ ವೀರನನ್ನು ಒಯ್ಯುವ ಅಪ್ಸರೆಯರು; ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಕಾಳಗದಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳ್. ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು. ಅವನು ಅರಸನಲ್ಲ, ನಮ್ಮ ನಿಮ್ಮಂಥ ಒಬ್ಬ ಒಕ್ಕಲಿಗ. ಅವನ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ, ಈ ಒಂದು ಕಲ್ಲಿನಲ್ಲಿದೆ. ಆ ಕಲ್ಲನ್ನು ರಸ್ತೆ ಅಗಲಿಸುವಾಗ ಹೂತರೆ, ಬಟ್ಟೆ ಒಗೆಯಲು ಮಲಗಿಸಿದರೆ, ನಿಧಿಯ ಆಸೆಗೆ ಬುಡ ಅಗೆದು ಉರುಳಿಸಿದರೆ, ಅವನು ಎರಡನೆಯ ಸಲ ಸಾಯುತ್ತಾನೆ. ಈ ಸಲ ಅವನಿಗೆ ಕಲ್ಲು ನೆಡುವವರಿಲ್ಲ.

ದಾನಶಾಸನವೂ ಹೀಗೆಯೇ ಸುಲಭವಾಗಿ ಗುರುತಿಗೆ ಸಿಗುತ್ತದೆ. ತಲೆಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು. ಒಳಗೆ ಇಂಥವರು ಇಂಥ ದಿನ ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಕೊಟ್ಟರೆಂಬ ವಿವರ. ಕೊನೆಗೆ ಕೆಡಿಸಿದವರಿಗೆ ಶಾಪ. ಹನ್ನೆರಡನೆಯ ಶತಮಾನದ ಅಕ್ಷರ ನಮಗೆ ತೀರ ಹೊರಗಿನದಲ್ಲ. ಅಕ್ಷರಮಾಲೆಯ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು ಕೆಲವು ವಾರ ತಿದ್ದಿದರೆ ಪ್ರೌಢಶಾಲೆಯ ಮಕ್ಕಳೂ ಮೊದಲ ಸಾಲಿನ 'ಸ್ವಸ್ತಿ'ಯನ್ನು ಹಿಡಿಯುತ್ತಾರೆ. ಒಂದು ಪದ ಹತ್ತಿದ ಮೇಲೆ ಎರಡನೆಯದನ್ನು ಬಿಡುವವರಲ್ಲ ಅವರು. ತಾನು ಓದಿದ ಕಲ್ಲಿಗೆ ಯಾವ ಹುಡುಗನೂ ಕಲ್ಲು ಹೊಡೆಯುವುದಿಲ್ಲ.

ನಮ್ಮ ರಾಜ್ಯದಲ್ಲಿ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳ ಓದು ಅದರಿಂದ ಮುಂದುವರಿಯಿತು. ಆದರೆ ಆ ಸೈಕಲ್ಲುಗಳು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಾತ್ರ ಓಡಿದವು. ತಿಂಗಳಿಗೊಂದು ಭಾನುವಾರ ಅವು ಹೊಳೆಯ ಕಡೆಗೂ ತಿರುಗಲಿ. ಜೊತೆಯಲ್ಲಿ ಹಿರಿಯರೊಬ್ಬರು ಇರಲಿ. ಕಂಡ ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿರಿ, ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿರಿ, ಜಾಗದಿಂದ ಕದಲಿಸಬೇಡಿರಿ. ಊರು, ಜಾಗ, ಅಳತೆಗಳನ್ನು ಬರೆದುಕೊಂಡು, ನೀರು ಚಿಮುಕಿಸಿ, ಓರೆ ಬಿಸಿಲಿನಲ್ಲಿ ಒಂದು ಛಾಯಾಚಿತ್ರ ತೆಗೆದು, ಆ ಊರಿನ ಶಾಲೆಯ ಮಾಸ್ತರರಿಗೊಂದು ಪ್ರತಿ, ಪುರಾತತ್ತ್ವ ಇಲಾಖೆಗೊಂದು ಪ್ರತಿ ಕಳುಹಿಸಿರಿ. ಹೊರಡುವ ಮುನ್ನ ಹತ್ತಿರದ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಆ ಕಲ್ಲು ಯಾರದೆಂದು ಹೇಳಿ ಬನ್ನಿರಿ. ಅವರು ಮರುದಿನದಿಂದ ಅದನ್ನು ಕಾಯುತ್ತಾರೆ.