ಗೃಹಜಾಲದ ವಿಳಾಸಪದ್ಧತಿ: ಒಂದು ಐತಿಹಾಸಿಕ ಟಿಪ್ಪಣಿ

1981ರಲ್ಲಿ ನಿರೂಪಿತವಾದ ಇಂಟರ್‌ನೆಟ್ಟಿನ ನಾಲ್ಕನೆಯ ಆವೃತ್ತಿಯ ನಿಯಮದಲ್ಲಿ ವಿಳಾಸವೊಂದಕ್ಕೆ 32 ಬಿಟ್‌ಗಳು. ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಇವು ಸಾಲವೆಂಬುದು ಬೇಗನೆ ವಿದಿತವಾಯಿತು. 1994ರಲ್ಲಿ ಪ್ರಕಟವಾದ ‘ನ್ಯಾಟ್’ ಎಂಬ ವಿಳಾಸಾಂತರ ವಿಧಾನದಿಂದ ಮನೆಯ ಸಾಧನಗಳೆಲ್ಲವೂ ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವುದು ಸಾಧ್ಯವಾಯಿತು. ಕೊರತೆಗಾಗಿ ಹೂಡಿದ ಈ ಉಪಾಯವು ಮನೆಗೆ ಒಂದು ಮರೆಯೂ ಆಯಿತು. ಒಳಗಿನ ಸಾಧನವನ್ನು ಹೊರಗಿನವರು ನೇರವಾಗಿ ಸಂಪರ್ಕಿಸುವುದು ದುಸ್ತರವಾಯಿತು.

1995ರಲ್ಲಿ ಪ್ರಕಟವಾದ ಆರನೆಯ ಆವೃತ್ತಿಯಲ್ಲಿ ವಿಳಾಸಕ್ಕೆ 128 ಬಿಟ್‌ಗಳು. ಸೇವಾಸಂಸ್ಥೆ ನೀಡಿದ ಪೂರ್ವಭಾಗವನ್ನು ರೌಟರು ಮನೆಯೊಳಗೆ ಸಾರುತ್ತದೆ. ಉಳಿದ 64 ಬಿಟ್‌ಗಳನ್ನು ಸಾಮಾನ್ಯವಾಗಿ ಸಾಧನವು ತಾನೇ ರಚಿಸಿಕೊಳ್ಳುತ್ತದೆ. ಹೀಗೆ ಪ್ರತ್ಯೇಕ ವಿಳಾಸವು ಲಭಿಸಿತಾದರೂ ಹಳೆಯ ಮರೆಯು ತೊಲಗಿತು. ಆದುದರಿಂದ ರೌಟರಿನ ಫೈರ್‌ವಾಲ್ ಹೊಸ ವಿಳಾಸಗಳಿಗೂ ಅನ್ವಯಿಸುವುದೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ತರುವಾಯ ಈ ಪದ್ಧತಿಯನ್ನು ಅಳವಡಿಸುವುದು ಯುಕ್ತ. ಕೊರತೆಯ ಕಾಲದಲ್ಲಿ ತಾನಾಗಿ ಒದಗಿದ್ದ ರಕ್ಷಣೆಯನ್ನು ಈಗ ಬುದ್ಧಿಪೂರ್ವಕವಾಗಿ ಏರ್ಪಡಿಸಬೇಕಾಗಿದೆ.