ಐದು ತಂತಿವಾದ್ಯಗಳು, ಒಂದು ಧ್ವನಿಮುದ್ರಿಕೆ

ಪಾಶ್ಚಾತ್ಯ ಸಂಗೀತದಲ್ಲಿ ಎರಡು ಲೋಕಗಳುಂಟು. ವಿಶಾಲವಾದ ಸಭಾಂಗಣದಲ್ಲಿ ನೂರರಷ್ಟು ವಾದಕರು ಒಟ್ಟಾಗಿ ನುಡಿಸುವ ಸಿಂಫನಿಯದು ಒಂದು ಲೋಕ. ನಾಲ್ವರೋ ಐವರೋ ಹತ್ತಿರ ಹತ್ತಿರ ಕುಳಿತು, ತಮ್ಮೊಳಗೇ ಮಾತನಾಡಿಕೊಳ್ಳುವಂತೆ ನುಡಿಸುವ ಕೋಣೆಯ ಸಂಗೀತದ್ದು ಇನ್ನೊಂದು. ಮೊದಲನೆಯದರಲ್ಲಿ ನಿರ್ದೇಶಕನ ಕೈಕೋಲಿನ ಸನ್ನೆಯೇ ಆಜ್ಞೆ. ಎರಡನೆಯದರಲ್ಲಿ ಆಜ್ಞೆ ಮಾಡುವವರಿಲ್ಲ. ಒಬ್ಬನ ಉಸಿರನ್ನು ಇನ್ನೊಬ್ಬನು ಆಲಿಸಿಯೇ ಮುಂದುವರಿಯಬೇಕು. ಆಸ್ಟ್ರಿಯ ದೇಶದ ಆಂಟನ್ ಬ್ರೂಕ್ನರ್ ಮೊದಲನೆಯ ಲೋಕದ ಹಿರಿಯ. ಎರಡನೆಯ ಲೋಕಕ್ಕೆ ಆತ ಕೊಟ್ಟ ದೊಡ್ಡ ಪ್ರೌಢಕೃತಿ ಒಂದೇ ಒಂದು. ಆ ಕೃತಿಯ ಒಂದು ಧ್ವನಿಮುದ್ರಿಕೆಯ ಹಿಂದೆ 20ನೆಯ ಶತಮಾನದ ಚರಿತ್ರೆಯ ಕಹಿಯಾದ ಅಧ್ಯಾಯವೊಂದು ಇದೆ.

ಬ್ರೂಕ್ನರ್ 1824ರಲ್ಲಿ ಆನ್ಸ್‌ಫೆಲ್ಡನ್ ಎಂಬ ಹಳ್ಳಿಯ ಶಾಲಾ ಉಪಾಧ್ಯಾಯರ ಮಗನಾಗಿ ಹುಟ್ಟಿದನು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಸೇಂಟ್ ಫ್ಲೋರಿಯನ್ ಎಂಬ ಕ್ರೈಸ್ತ ಮಠ ಆಶ್ರಯವಿತ್ತಿತು. ಅಲ್ಲಿ ಹಾಡುತ್ತ, ಆರ್ಗನ್ ನುಡಿಸುತ್ತ ಬೆಳೆದ ಆತ 1868ರಲ್ಲಿ ವಿಯೆನ್ನಾ ನಗರದ ಸಂಗೀತಶಾಲೆಗೆ ಅಧ್ಯಾಪಕನಾಗಿ ಬಂದನು. ನಗರವೇನೂ ಆತನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. 1877ರ ಡಿಸೆಂಬರಿನಲ್ಲಿ ಆತ ತನ್ನ ಮೂರನೆಯ ಸಿಂಫನಿಯನ್ನು ತಾನೇ ನಿರ್ದೇಶಿಸುತ್ತಿದ್ದಾಗ ಶ್ರೋತೃಗಳು ಒಬ್ಬೊಬ್ಬರಾಗಿ ಎದ್ದುಹೋದರು. ಕಡೆಗೆ ಉಳಿದವರು ಕೆಲವೇ ಮಂದಿ ಅಭಿಮಾನಿಗಳು.

ಆ ಸೋಲಿನ ಮರುವರ್ಷ, 1878ರ ಡಿಸೆಂಬರಿನಲ್ಲಿ, ಬ್ರೂಕ್ನರ್ ಐದು ತಂತಿವಾದ್ಯಗಳ ಪಂಚಕವೊಂದನ್ನು ಆರಂಭಿಸಿದನು. ಕೇಳಿದ್ದವನು ವಿಯೆನ್ನಾದ ಪ್ರಸಿದ್ಧ ಪಿಟೀಲುವಾದಕ ಯೋಸೆಫ್ ಹೆಲ್ಮೆಸ್‌ಬರ್ಗರ್. ಎರಡು ಪಿಟೀಲು, ಎರಡು ವಯೋಲ, ಒಂದು ಚೆಲ್ಲೋ. ವಯೋಲ ಎಂದರೆ ನಮ್ಮ ಕಚೇರಿಗಳಲ್ಲಿ ಕಾಣುವ ಪಿಟೀಲಿಗಿಂತ ತುಸು ದೊಡ್ಡದು. ಅದರ ದನಿ ತಗ್ಗು, ಕೊಂಚ ಮಬ್ಬು. 1879ರ ಜುಲೈನಲ್ಲಿ ಕೃತಿ ಮುಗಿಯಿತು. ಆದರೆ ಅದರ ಒಂದು ಭಾಗ ನುಡಿಸಲು ತೀರ ಕಷ್ಟವೆಂದು ಹೆಲ್ಮೆಸ್‌ಬರ್ಗರ್ ಹಿಂಜರಿದನು. ಬ್ರೂಕ್ನರ್ ಅದಕ್ಕೆ ಬದಲಾಗಿ ಸುಲಭವಾದ ಇನ್ನೊಂದು ಭಾಗವನ್ನು ಬರೆದುಕೊಟ್ಟರೂ ವರ್ಷಗಳು ಉರುಳಿದವು. 1881ರಲ್ಲಿ ಬೇರೆಯ ವಾದಕರು ಕೊನೆಯ ಭಾಗವನ್ನು ಬಿಟ್ಟು ಉಳಿದುದನ್ನು ನುಡಿಸಿದರು. ಕೇಳಿ ಬರೆಸಿಕೊಂಡವನ ಕೈಯಿಂದ ಅದು ಹೊಮ್ಮಿದ್ದು 1885ರ ಜನವರಿಯಲ್ಲಿ. ಬ್ರೂಕ್ನರ್ 1896ರಲ್ಲಿ ತೀರಿಕೊಂಡನು. ಆತನ ಇಚ್ಛೆಯಂತೆ ಸೇಂಟ್ ಫ್ಲೋರಿಯನ್ ಮಠದಲ್ಲಿ, ತಾನು ನುಡಿಸುತ್ತಿದ್ದ ಆರ್ಗನ್ನಿನ ಕೆಳಗೇ ಆತನ ದೇಹವನ್ನಿರಿಸಿದರು.

ಆದರೆ ಸತ್ತವನಿಗೂ ನೆಮ್ಮದಿಯಿಲ್ಲದ ಕಾಲ ಬಂದಿತು. 1937ರ ಜೂನ್ 6ರಂದು ಜರ್ಮನಿಯ ರೇಗನ್ಸ್‌ಬುರ್ಗ್ ಬಳಿಯ ವಾಲ್ಹಾಲ ಎಂಬ ಸ್ಮಾರಕ ಭವನದಲ್ಲಿ ಬ್ರೂಕ್ನರನ ಶಿಲಾಪ್ರತಿಮೆಯ ಮುಂದೆ ಹಿಟ್ಲರ್ ತಲೆಬಾಗಿ ನಿಂತನು. ದೈವಭೀರುವೂ ಸಂಕೋಚದವನೂ ಆದ ಹಳ್ಳಿಯ ಆರ್ಗನ್‌ವಾದಕನನ್ನು ಜರ್ಮನ್ ಜನಾಂಗದ ಪ್ರತೀಕವೆಂದು ಸಾರಲಾಯಿತು. 1941ರಲ್ಲಿ ಸೇಂಟ್ ಫ್ಲೋರಿಯನ್ ಮಠವನ್ನೇ ವಶಪಡಿಸಿಕೊಂಡು, ಸಂನ್ಯಾಸಿಗಳನ್ನು ಹೊರಗಟ್ಟಿ, ಅದನ್ನು ಸರ್ಕಾರಿ ರೇಡಿಯೋ ಸಂಸ್ಥೆಗೆ ಒಪ್ಪಿಸಿದರು. 1945ರ ಮೇ 1ರಂದು ಹಿಟ್ಲರನ ಮರಣವಾರ್ತೆಗೆ ಪೀಠಿಕೆಯಾಗಿ ಜರ್ಮನ್ ರೇಡಿಯೋ ಬಿತ್ತರಿಸಿದ್ದು ಬ್ರೂಕ್ನರನ ಏಳನೆಯ ಸಿಂಫನಿಯ ಶೋಕಭಾಗವನ್ನೇ. ಹೀಗೆ ಒಂದು ಸಂಗೀತಕ್ಕೆ ಅದು ಬೇಡದಿದ್ದ ಒಡೆತನವೊಂದು ಅಂಟಿಕೊಂಡಿತು.

ಇತ್ತ 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕ ಮೇಲೆ, ಅಲ್ಲಿಂದ ಪ್ರಾಣ ಉಳಿಸಿಕೊಂಡು ಇಂಗ್ಲೆಂಡು ಸೇರಿದವರಲ್ಲಿ ಮೂವರು ಯಹೂದಿ ಹುಡುಗರಿದ್ದರು: ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್, ಪೀಟರ್ ಶಿಡ್ಲೋಫ್. ಮೂವರೂ ಪಿಟೀಲು ಕಲಿಯುತ್ತಿದ್ದವರು. ಆಶ್ರಯ ಕೊಟ್ಟ ದೇಶವೇ 1940ರಲ್ಲಿ ಅವರನ್ನು ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿತು. ಅವರು ಪರಸ್ಪರ ಪರಿಚಿತರಾದದ್ದು ಆ ಮುಳ್ಳುತಂತಿಯ ಬೇಲಿಗಳ ಒಳಗೆ. ಬಿಡುಗಡೆಯಾದ ಮೇಲೆ, ತಾವೂ ವಲಸೆ ಬಂದವರೇ ಆಗಿದ್ದ ಮ್ಯಾಕ್ಸ್ ರೋಸ್ಟಾಲ್ ಅವರಿಗೆ ಶುಲ್ಕವಿಲ್ಲದೆ ಪಾಠ ಹೇಳಿದರು. ಲಂಡನ್ನಿನವರೇ ಆದ ಚೆಲ್ಲೋವಾದಕ ಮಾರ್ಟಿನ್ ಲೊವೆಟ್ ಜೊತೆಗೂಡಿದರು. ಶಿಡ್ಲೋಫ್ ಪಿಟೀಲನ್ನು ಬಿಟ್ಟು ವಯೋಲ ಹಿಡಿದರು. 1948ರ ಜನವರಿಯಲ್ಲಿ ಲಂಡನ್ನಿನ ವಿಗ್ಮೋರ್ ಹಾಲಿನಲ್ಲಿ ಅವರು ಅಮೆಡಿಯಸ್ ಕ್ವಾರ್ಟೆಟ್ ಎಂಬ ಹೆಸರಿನಿಂದ ನುಡಿಸಿದರು. 1987ರಲ್ಲಿ ಶಿಡ್ಲೋಫ್ ತೀರಿಕೊಳ್ಳುವವರೆಗೆ ಆ ನಾಲ್ವರಲ್ಲಿ ಒಬ್ಬರೂ ಬದಲಾಗಲಿಲ್ಲ. ಅವರ ಸ್ಥಾನಕ್ಕೆ ಇನ್ನೊಬ್ಬರನ್ನು ತರಲು ಒಪ್ಪದೆ ಉಳಿದ ಮೂವರು ವೃಂದವನ್ನೇ ಮುಗಿಸಿದರು.

ಬ್ರೂಕ್ನರನ ಪಂಚಕವನ್ನು ಈ ನಾಲ್ವರು 1960ರ ದಶಕದಲ್ಲಿ ಮುದ್ರಿಸಿಕೊಟ್ಟರು. ಎರಡನೆಯ ವಯೋಲ ನುಡಿಸಿದವರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಸೆಸಿಲ್ ಅರೋನೊವಿಟ್ಸ್. ಧ್ವನಿಮುದ್ರಿಕೆಯನ್ನು ಹೊರತಂದದ್ದು ಡಾಯ್ಚ ಗ್ರಾಮಫೋನ್ ಎಂಬ ಜರ್ಮನ್ ಸಂಸ್ಥೆ. ಯಾರನ್ನು ಜರ್ಮನ್ ಸಂಸ್ಕೃತಿಗೆ ಪರಕೀಯರೆಂದು ಅಟ್ಟಿದ್ದರೋ ಅವರ ಕೈಯಲ್ಲೇ, ಆ ಸಂಸ್ಕೃತಿಯ ಪ್ರತೀಕವೆಂದು ಸಾರಲ್ಪಟ್ಟವನ ಅತ್ಯಂತ ಅಂತರಂಗದ ಮಾತು ಮತ್ತೆ ನುಡಿಯಿತು.

ಕೃತಿಯ ಹೃದಯ ಅದರ ವಿಲಂಬಗತಿಯ ಭಾಗ, ಅಡಾಜಿಯೋ. ಮೊದಲ ಪಿಟೀಲು ನೀಳವಾದ ಧಾಟಿಯೊಂದನ್ನು ಹಾಡುತ್ತದೆ. ಉಳಿದವು ಅದಕ್ಕೆ ನೆಲೆ ಕೊಡುತ್ತವೆ. ಬಳಿಕ ಎರಡನೆಯ ಧಾಟಿಯನ್ನು ವಯೋಲ ಎತ್ತಿಕೊಳ್ಳುತ್ತದೆ. ಸಿಂಫನಿಗಳಲ್ಲಿ ತುತ್ತೂರಿಗಳ ಮೊಳಗಿನಲ್ಲಿ ಕೇಳಿಬರುವ ಬ್ರೂಕ್ನರ್ ಇಲ್ಲಿಲ್ಲ. ಮೆರವಣಿಗೆಗೆ, ಪ್ರತಿಮೆಯ ಅನಾವರಣಕ್ಕೆ, ರಾಜ್ಯದ ಶೋಕಾಚರಣೆಗೆ ಒಗ್ಗುವಂಥ ಸಂಗೀತವಲ್ಲ ಇದು. ಐವರು ಒಬ್ಬರನ್ನೊಬ್ಬರು ನಂಬಿ ಆಲಿಸಿದರೆ ಮಾತ್ರ ಉಳಿಯುವ ಸಂಗೀತ.

ಪ್ರಭುತ್ವ ಮಠವನ್ನು ಕಿತ್ತುಕೊಳ್ಳಬಹುದು, ಪ್ರತಿಮೆಯನ್ನು ನಿಲ್ಲಿಸಬಹುದು, ಬಾನುಲಿಯನ್ನು ಆಳಬಹುದು. ಸಂಗೀತದ ಒಡೆತನ ಮಾತ್ರ ಅದನ್ನು ಶ್ರದ್ಧೆಯಿಂದ ನುಡಿಸುವವರಿಗೂ ಕೇಳುವವರಿಗೂ ಸೇರಿದ್ದು. ಆ ಧ್ವನಿಮುದ್ರಿಕೆ ಇದಕ್ಕೆ ಸಾಕ್ಷಿಯಾಗಿ ಉಳಿದಿದೆ.