ಶಂಖ ಮತ್ತು ದುಂಗ್

ಬೈಲಕುಪ್ಪೆಯ ವಿಹಾರವೊಂದರಲ್ಲಿ ಇಬ್ಬರು ಭಿಕ್ಷುಗಳು ಆಳುದ್ದವನ್ನೂ ಮೀರಿದ ಲೋಹದ ಕಹಳೆಗಳನ್ನು ಊದುತ್ತಿದ್ದರು. ಹೆಸರು ಕೇಳಿದೆ. ‘ದುಂಗ್‌ಚೆನ್’ ಎಂದರು, ಅಂದರೆ ಮಹಾಶಂಖ. ಲೋಹಕ್ಕೂ ಶಂಖವೆಂಬ ಹೆಸರೇ ಎಂದು ನನಗೆ ಸೋಜಿಗವಾಯಿತು.

ಸಂಸ್ಕೃತದ ಶಂಖವೂ ಬರಿಯ ಕಡಲ ಚಿಪ್ಪಾಗಿ ಉಳಿಯಲಿಲ್ಲ. ಅಮರಕೋಶವು ಅದಕ್ಕೆ ನಿಧಿಯೆಂದೂ ಹಣೆಯ ಎಲುಬೆಂದೂ ಅರ್ಥ ಹೇಳುತ್ತದೆ. ನಿಧಿಯೆಂದರೆ ಕುಬೇರನದು. ಆಯುರ್ವೇದದಲ್ಲಿ ಕಿವಿ ಹಣೆಗಳ ನಡುವಣ ಮರ್ಮಸ್ಥಾನ ಶಂಖ. ಎಣಿಕೆಯಲ್ಲಿ ಅದೊಂದು ಮಹಾಸಂಖ್ಯೆ. ಆಕಾರ, ಬಿಳುಪು, ಬೆಲೆ ಇವುಗಳಿಂದ ಹುಟ್ಟಿದ ಅರ್ಥಗಳಿವೆಂದು ನನ್ನ ಊಹೆ.

ಟಿಬೆಟ್ಟಿಗೆ ಕಡಲಿಲ್ಲ, ಶಂಖವು ಘಟ್ಟಗಳನ್ನು ದಾಟಿಯೇ ಅಲ್ಲಿಗೆ ಹೋಗಬೇಕು. ಆದರೂ 9ನೆಯ ಶತಮಾನದ ಆದಿಯಲ್ಲಿ ‘ಮಹಾವ್ಯುತ್ಪತ್ತಿ’ ಎಂಬ ಸಂಸ್ಕೃತ–ಟಿಬೆಟನ್ ಪದಕೋಶವನ್ನು ಕಟ್ಟಿದ ಪಂಡಿತರು ಸಂಸ್ಕೃತ ಶಬ್ದವನ್ನು ಎರವಲು ತರದೆ ‘ದುಂಗ್’ ಎಂದೇ ಬರೆದರು. ಆ ಪದ ನಾದದ ಬೆನ್ನು ಹಿಡಿದು ಬೆಳೆಯಿತು. ಬಲಮುರಿಯ ಬಿಳಿಶಂಖ ‘ದುಂಗ್‌ಕರ್’. ಅಷ್ಟಮಂಗಲಗಳಲ್ಲಿ ಒಂದಾಗಿ ಅದು ಧರ್ಮಘೋಷದ ಸಂಕೇತವಾಯಿತು. ಮನುಷ್ಯನ ತೊಡೆಯೆಲುಬಿನ ಕಹಳೆಗೂ (ಕೇಳಿದರೆ ಮೈ ಜುಮ್ಮೆನ್ನುತ್ತದೆ) ‘ಕಂಗ್‌ದುಂಗ್’, ಕಾಲಿನ ಶಂಖ, ಎಂಬ ಹೆಸರುಂಟು.

ಎಣಿಕೆಯಲ್ಲಿ ಮಾತ್ರ ಎರಡು ನುಡಿಗಳೂ ಮತ್ತೆ ಕೂಡುತ್ತವೆ: ಟಿಬೆಟನ್ನಿನ ‘ದುಂಗ್‌ಛುರ್’ ಎಂದರೆ ಹತ್ತು ಕೋಟಿ.